ಪೂನಾ ಅಂಜೂರ ಅಂತ ತಂದ ಗಿಡ, ಹಣ್ಣು ಮಾತ್ರ ಹಸಿರು: ಇದು ಯಾವ ತಳಿ?

ತಾರಸಿ ತೋಟ, ಮೈಸೂರು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಒಂದು ನರ್ಸರಿಯಲ್ಲಿ ಪೂನಾ ಅಂಜೂರ ಅಂತ ಹೇಳಿ ಕೊಟ್ಟ ಗಿಡ ತಂದೆ. ತಾರಸಿಯ ಮೇಲೆ ಅರ್ಧ ಡ್ರಮ್ಮಿನಲ್ಲಿ ನೆಟ್ಟಿದ್ದೇನೆ. ಈ ಮಳೆಗಾಲದಲ್ಲಿ ಮೊದಲ ಸಲ ಹದಿನೈದು ಕಾಯಿ ಬಿಟ್ಟಿತು. ನಾಲ್ಕು ಉದುರಿದವು. ಉಳಿದವು ದಪ್ಪ ಆಗಿವೆ, ಬಣ್ಣ ತಿರುಗುತ್ತಿಲ್ಲ. ಒಂದನ್ನು ಕಿತ್ತೆ. ತೊಟ್ಟಿನಿಂದ ಹಾಲು ಸುರಿಯಿತು, ಒಳಗೆಲ್ಲ ಬಿಳಿ.

ಎಲೆಗಳೂ ಒಂದೇ ತರ ಇಲ್ಲ. ಕೆಳಗಿನವಕ್ಕೆ ಮೂರು ಸೀಳು, ಮೇಲಿನವಕ್ಕೆ ಐದು. ಪಕ್ಕದ ಮನೆಯವರು ಇದು ಅತ್ತಿ ಗಿಡ ಅಂತಾರೆ. ನಾನು ಆಗಲೇ ಮೂರು ಮನೆಗೆ ಪೂನಾ ಅಂತ ಹೇಳಿ ಕಡ್ಡಿ ಕೊಟ್ಟಿದ್ದೇನೆ. ಅದೇ ಚಿಂತೆ ಆಗಿದೆ. ಯಾವ ತಳಿ ಅಂತ ಹೇಗೆ ತಿಳಿಯುವುದು?

ಹಿತ್ತಿಲು, ಬೆಂಗಳೂರು

ಮೇಡಂ, ಮೊದಲು ಅತ್ತಿಯ ಅನುಮಾನ ಮುಗಿಸೋಣ. ಅತ್ತಿ ಹಣ್ಣು ಗೊಂಚಲು ಗೊಂಚಲಾಗಿ ಕಾಂಡಕ್ಕೇ ಬಿಡುತ್ತದೆ, ಎಲೆಗೆ ಸೀಳು ಇರುವುದಿಲ್ಲ. ನಿಮ್ಮ ಗಿಡದಲ್ಲಿ ಹೊಸ ರೆಂಬೆಯ ಮೇಲೆ, ಎಲೆಯ ಬುಡದಲ್ಲಿ ಕಾಯಿ ಬಂದಿದೆ ಅಲ್ವಾ? ಹಾಗಿದ್ದರೆ ಅಂಜೂರವೇ. ಆದರೂ ನಿಮ್ಮ ಪಕ್ಕದ ಮನೆಯವರ ಮಾತು ತೆಗೆದುಹಾಕುವಂಥದ್ದಲ್ಲ. ಬೇರುಗಂಟಿನ ಜಂತುಹುಳುವಿನ ಕಾಟ ತಡೆಯಲು ಅತ್ತಿ ಸಸಿಗೆ ಅಂಜೂರ ಕಸಿ ಕಟ್ಟುವುದುಂಟು. ಕಸಿ ಸತ್ತರೆ ಕೆಳಗಿನ ಅತ್ತಿ ಚಿಗುರುತ್ತದೆ. ಬುಡದಲ್ಲಿ ಕಸಿಯ ಗಂಟು ಇದ್ದರೆ ಅದರ ಕೆಳಗಿನ ಚಿಗುರು ತೆಗೆದುಬಿಡಿ.

ಎಲೆ ನೋಡಿ ತಳಿಯ ಹೆಸರು ಹೇಳುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಒಂದೇ ಗಿಡದಲ್ಲಿ ಸೀಳಿಲ್ಲದ ಎಲೆ, ಮೂರು ಸೀಳು, ಐದು ಸೀಳು ಎಲ್ಲವೂ ಬರುತ್ತವೆ. ಎಳೆ ಗಿಡದ ಎಲೆ ಬೇರೆ, ಬಲಿತ ಗಿಡದ್ದು ಬೇರೆ. ನೆರಳಿನಲ್ಲಿ ಇನ್ನೊಂದು ತರ. ನಂಬಬೇಕಾದದ್ದು ಗಿಡದಲ್ಲೇ ಪೂರ್ತಿ ಮಾಗಿದ ಹಣ್ಣನ್ನು.

ನೀವು ಕಿತ್ತದ್ದು ಕಾಯಿ. ಅಂಜೂರ ಕಿತ್ತ ಮೇಲೆ ಸರಿಯಾಗಿ ಹಣ್ಣಾಗುವುದಿಲ್ಲ. ಮೊದಲು ದಪ್ಪ ಆಗಿ, ಆಮೇಲೆ ವಾರಗಟ್ಟಲೆ ಹಾಗೇ ನಿಂತು, ಕೊನೆಯ ಕೆಲವೇ ದಿನಗಳಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಕುತ್ತಿಗೆ ಬಾಗಿ ಹಣ್ಣು ಕೆಳಗೆ ಜೋತುಬೀಳಬೇಕು. ಹಾಲು ಸುರಿಯುತ್ತಿದ್ದರೆ ಇನ್ನೂ ಮಾಗಿಲ್ಲ ಅಂತಲೇ ಅರ್ಥ. ಪಕ್ಷಿಗಳು ಕಾಯುತ್ತಿರುತ್ತವೆ, ಬಲೆಯ ಚೀಲ ಕಟ್ಟಿ.

ಎರಡು ಪ್ರಶ್ನೆ. ಗಿಡ ಕಡ್ಡಿಯಿಂದ ಬಂದಿದ್ದಾ, ಬೀಜದಿಂದಾ? ಬಿಸಿಲು ಎಷ್ಟು ಹೊತ್ತು ಬೀಳುತ್ತದೆ?

ತಾರಸಿ ತೋಟ, ಮೈಸೂರು

ಕಡ್ಡಿಯಿಂದ ಮಾಡಿದ್ದು ಅಂತ ಹೇಳಿದ್ದರು. ಬುಡದಲ್ಲಿ ಕಸಿ ಗಂಟು ಇಲ್ಲ. ಬಿಸಿಲು ಮಧ್ಯಾಹ್ನದವರೆಗೆ ಮಾತ್ರ. ಬೀಜದ ಗಿಡ ಆದರೆ ಏನು ತೊಂದರೆ?

ಹಿತ್ತಿಲು, ಬೆಂಗಳೂರು

ಬೀಜದಿಂದ ಬಂದ ಗಿಡಕ್ಕೆ ಯಾವ ತಳಿಯ ಹೆಸರೂ ಸಲ್ಲುವುದಿಲ್ಲ. ಅದು ಹೊಸದೇ ಒಂದು ಗಿಡ. ಕೆಲವರು ಒಣ ಅಂಜೂರದ ಬೀಜ ಹಾಕಿ ಬೆಳೆಸುತ್ತಾರೆ. ಟರ್ಕಿಯ ಒಣಹಣ್ಣು ಹೆಚ್ಚಾಗಿ ಸ್ಮಿರ್ನಾ ಗುಂಪಿನದು. ಆ ಗುಂಪಿಗೆ ಅಂಜೂರದ ಪುಟ್ಟ ಕಣಜ ಒಳಗೆ ಹೊಕ್ಕು ಪರಾಗಸ್ಪರ್ಶ ಮಾಡಲೇಬೇಕು, ಇಲ್ಲದಿದ್ದರೆ ಕಾಯಿ ಅರ್ಧಕ್ಕೇ ಉದುರುತ್ತದೆ. ಬೀಜದ ಸಸಿಗಳಲ್ಲಿ ಸುಮಾರು ಅರ್ಧ ಗಂಡು ಗಿಡಗಳೇ ಆಗುತ್ತವೆ. ಪೂನಾ ತರದ ಸಾಮಾನ್ಯ ಅಂಜೂರಕ್ಕೆ ಕಣಜ ಬೇಕಿಲ್ಲ. ನಿಮ್ಮ ನಾಲ್ಕು ಕಾಯಿ ಉದುರಿದ್ದು ಮೊದಲ ಬೆಳೆಯ ಏರುಪೇರು ಅನಿಸುತ್ತದೆ. ಡ್ರಮ್ಮು ಒಮ್ಮೆ ಒಣಗಿ ಒಮ್ಮೆ ತುಂಬಿದರೂ ಹೀಗಾಗುತ್ತದೆ.

ಹೊಲದವನು, ಬಳ್ಳಾರಿ

ಅಕ್ಕಾರೆ, ಪೂನಾ ಹಣ್ಣು ಗಂಟೆಯ ಆಕಾರದಲ್ಲಿ ಇರುತ್ತದೆ. ಮಾಗಿದಾಗ ಸಿಪ್ಪೆಗೆ ಕೆಂಪು ಕಂದು, ತಿಳಿ ನೇರಳೆ ಬಣ್ಣ ಹತ್ತುತ್ತದೆ, ತಿರುಳು ಗುಲಾಬಿ. ನಮ್ಮ ಕಡೆ ಡಯಾನಾ ತಳಿ ಜಾಸ್ತಿ. ಅದು ದಪ್ಪ ಹಣ್ಣು, ಮಾಗಿದರೂ ಸಿಪ್ಪೆ ಹಸಿರು ಹಳದಿಯೇ. ಕೊನಾಡ್ರಿಯಾ ಕೂಡ ಹಸಿರು ಸಿಪ್ಪೆಯದು. ಅದು ಕ್ಯಾಲಿಫೋರ್ನಿಯಾದಲ್ಲಿ ಸಂಕರ ಮಾಡಿ 1956ರಲ್ಲಿ ಬಿಟ್ಟ ತಳಿ.

ಆದರೆ ಮಳೆಗಾಲದ ಹಣ್ಣು ನೋಡಿ ತೀರ್ಮಾನ ಮಾಡಬೇಡಿ. ಬಿಸಿಲಿಲ್ಲದೆ ಬಣ್ಣವೂ ಬರುವುದಿಲ್ಲ, ರುಚಿಯೂ ನೀರು ನೀರು. ಪುಣೆ ಕಡೆಯ ರೈತರು ಬೇಸಿಗೆ ಬೆಳೆಗೆ ಮೀಠಾ ಬಹಾರ್ (ಸಿಹಿ ಬೆಳೆ), ಮಳೆಗಾಲದ್ದಕ್ಕೆ ಖಟ್ಟಾ ಬಹಾರ್ (ಹುಳಿ ಬೆಳೆ) ಅಂತ ಸುಮ್ನೆ ಹೆಸರಿಟ್ಟಿಲ್ಲ. ಮಳೆ ನಿಂತ ಮೇಲೆ ಚಾಟ್ನಿ ಮಾಡಿ, ಅಂದರೆ ರೆಂಬೆ ಸವರಿ. ಡ್ರಮ್ಮನ್ನು ಇಡೀ ದಿನ ಬಿಸಿಲು ಬೀಳುವ ಕಡೆ ಇಡಿ. ಬೇಸಿಗೆಯಲ್ಲಿ ಹಣ್ಣನ್ನು ಉದ್ದಕ್ಕೆ ಕೊಯ್ದು ಸಿಪ್ಪೆ, ತಿರುಳು, ಕೆಳಗಿನ ಕಣ್ಣು (ತುದಿಯ ತೂತು), ಕುತ್ತಿಗೆ ನಾಲ್ಕೂ ಕಾಣುವಂತೆ ಫೋಟೋ ಹಾಕಿ.

ತಾರಸಿ ತೋಟ, ಮೈಸೂರು (ಏಪ್ರಿಲ್‌ನಲ್ಲಿ)

ನೀವು ಹೇಳಿದಂತೆ ಎಲ್ಲ ಮಾಡಿದೆ. ನಿನ್ನೆ ಒಂದು ಹಣ್ಣು ಜೋತುಬಿತ್ತು. ತೊಟ್ಟಿನಲ್ಲಿ ಹಾಲಿಲ್ಲ. ಅಡುಗೆಮನೆ ತಕ್ಕಡಿಯಲ್ಲಿ 62 ಗ್ರಾಂ. ಪೂರ್ತಿ ಬಿಸಿಲು ಬಿದ್ದ ಕಡೆಯೂ ಸಿಪ್ಪೆ ಹಸಿರು ಹಳದಿ, ನೇರಳೆಯ ಸುಳಿವೇ ಇಲ್ಲ. ತಿರುಳು ತಿಳಿ ಕೆಂಪು. ಮಾರುಕಟ್ಟೆಯಿಂದ ಪೂನಾ ಹಣ್ಣು ತಂದು ಪಕ್ಕದಲ್ಲಿಟ್ಟು ಕೊಯ್ದೆ. ಗಾತ್ರ, ಬಣ್ಣ ಎರಡೂ ಬೇರೆ. ಸಿಹಿ ಎಷ್ಟಿತ್ತೆಂದರೆ ಮನೆಯವರೆಲ್ಲ ಒಂದೊಂದು ಚೂರಿಗೆ ಕಾದು ಕೂತಿದ್ದರು.

ಹೊಲದವನು, ಬಳ್ಳಾರಿ

ಫೋಟೋ ನೋಡಿದೆ ಅಕ್ಕಾರೆ. ಪೂನಾ ಅಲ್ಲ, ಅದು ಖಚಿತ. ನಮ್ಮ ಹೊಲದ ಡಯಾನಾಗೆ ತುಂಬ ಹತ್ತಿರ ಇದೆ. ಮುಂದಿನ ಚಾಟ್ನಿಯಲ್ಲಿ ನಿಮಗೆ ಎರಡು ಕಡ್ಡಿ ಕಳಿಸುತ್ತೇನೆ. ಅದೇ ಮಣ್ಣು, ಅದೇ ಬಿಸಿಲಲ್ಲಿ ಪಕ್ಕಪಕ್ಕ ಬೆಳೆಸಿ, ಹಣ್ಣು ಬಂದಾಗ ಎರಡನ್ನೂ ಒಟ್ಟಿಗೆ ಕೊಯ್ಯಿರಿ.

ಹಿತ್ತಿಲು, ಬೆಂಗಳೂರು

ಅಲ್ಲಿಯವರೆಗೆ ಚೀಟಿಯಲ್ಲಿ ಡಯಾನಾ ಅಂತ ಬರೆಯಬೇಡಿ ಮೇಡಂ. ಅಂಜೂರದಲ್ಲಿ ಹೆಸರುಗಳು ಕಲಸಿಹೋಗಿರುವುದೇ ಹೀಗೆ. ಬ್ರೌನ್ ಟರ್ಕಿ ಅನ್ನುವ ಒಂದೇ ಹೆಸರಿನಲ್ಲಿ ಇಂಗ್ಲೆಂಡಿನಲ್ಲಿ ಒಂದು ತಳಿ, ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು. ಎಲ್ಲಿಂದ, ಯಾವಾಗ, ಯಾವ ಹೆಸರಲ್ಲಿ ತಂದಿರಿ ಅಂತ ಬರೆದಿಡಿ. ಕರೆಯಲು ನಿಮ್ಮ ಬಡಾವಣೆಯ ಹೆಸರು ಸಾಕು.

ತಾರಸಿ ತೋಟ, ಮೈಸೂರು

ಹಾಗೇ ಮಾಡಿದೆ. "ಕುವೆಂಪುನಗರ ಹಳದಿ, ಪೂನಾ ಅಲ್ಲ." ಕಡ್ಡಿ ಒಯ್ದ ಮೂರು ಮನೆಯಲ್ಲಿ ಇಬ್ಬರಿಗೆ ಫೋನ್ ಮಾಡಿ ಚೀಟಿ ಬದಲಾಯಿಸಲು ಹೇಳಿದ್ದೇನೆ. ಮೂರನೆಯ ಗಿಡ ಹಾಸನಕ್ಕೆ ಹೋಗಿದೆಯಂತೆ, ಅವರ ನಂಬರ್ ಕೇಳಿದ್ದೇನೆ.