ಇಷ್ಟು ಕ್ರೂರಿಗಳಾದ ರೋಮನ್ನರು ಗುಲಾಮರನ್ನು ಬಿಡುಗಡೆ ಮಾಡಿ ನಾಗರಿಕರನ್ನಾಗಿ ಮಾಡಿದ್ದೇಕೆ?

ಕೊಡಚಾದ್ರಿ_ಓದು:
ಎಲ್ಲರಿಗೂ ನಮಸ್ಕಾರ. ರೋಮ್ ಇತಿಹಾಸ ಓದುತ್ತಾ ಒಂದು ವಿಷಯ ತಲೆಯಲ್ಲೇ ಉಳಿದುಬಿಟ್ಟಿದೆ. ಗುಲಾಮರ ನಾಯಕ ಸ್ಪಾರ್ಟಕಸ್‌ನ ದಂಗೆ ಅಡಗಿದ ಮೇಲೆ, ಕ್ರಿ.ಪೂ. 71ರಲ್ಲಿ, ಸೆರೆ ಸಿಕ್ಕ 6000 ಗುಲಾಮರನ್ನು ಇಟಲಿಯ ಕಾಪುವಾ ಊರಿನಿಂದ ರೋಮ್‌ವರೆಗೆ ರಸ್ತೆಯುದ್ದಕ್ಕೂ ಶಿಲುಬೆಗೇರಿಸಿದರು. ಅದೇ ಜನ ತಮ್ಮ ಮನೆಯ ಗುಲಾಮರನ್ನು ದೊಡ್ಡ ಸಂಖ್ಯೆಯಲ್ಲಿ ಬಿಡುಗಡೆ ಮಾಡುತ್ತಿದ್ದರು. ಬರೀ ಬಿಡುಗಡೆ ಅಲ್ಲ, ಕ್ರಮಬದ್ಧವಾಗಿ ಬಿಡುಗಡೆಯಾದವನು ರೋಮ್‌ನ ನಾಗರಿಕನೇ ಆಗುತ್ತಿದ್ದ. ಅಥೆನ್ಸ್‌ನಲ್ಲಿ ಹೀಗಿರಲಿಲ್ಲ, ಅಲ್ಲಿ ಬಿಡುಗಡೆಯಾದವನು ಹೊರಗಿನಿಂದ ಬಂದು ನೆಲೆಸಿದವರ ಸಾಲಿಗೆ ಸೇರುತ್ತಿದ್ದ ಅಷ್ಟೇ.

ಇದರಲ್ಲಿ ಒಡೆಯನಿಗೆ ಏನು ಸಿಗುತ್ತಿತ್ತು? ದುಡ್ಡು ಕೊಟ್ಟು ತಂದ ಆಳನ್ನು ಸುಮ್ನೆ ಯಾಕೆ ಬಿಟ್ಟುಕೊಡುತ್ತಾನೆ? ಬಿಡುಗಡೆಯಾದವರನ್ನು ಊರಿನ ಜನ ಸರಿಸಮಾನ ಅಂತ ನೋಡುತ್ತಿದ್ದರಾ? ಗೊತ್ತಿದ್ದವರು ಹೇಳಿ.

ಹಳೆಕಲ್ಲು:
ಇದು ಆ ಕಾಲದವರಿಗೂ ಎದ್ದು ಕಂಡ ವಿಷಯ. ಕ್ರಿ.ಪೂ. 3ನೇ ಶತಮಾನದ ಕೊನೆಗೆ ಮ್ಯಾಸಿಡೋನಿಯಾದ ದೊರೆ ಐದನೇ ಫಿಲಿಪ್ ಲಾರಿಸ್ಸಾ ಊರಿನವರಿಗೆ ಪತ್ರ ಬರೆದ. ನಿಮ್ಮಲ್ಲಿ ಜನ ಕಡಿಮೆಯಾಗಿದ್ದಾರೆ, ಹೊಸಬರನ್ನು ನಾಗರಿಕರಾಗಿ ಸೇರಿಸಿಕೊಳ್ಳಿ, ರೋಮನ್ನರನ್ನು ನೋಡಿ, ಅವರು ಬಿಡುಗಡೆ ಮಾಡಿದ ಗುಲಾಮರನ್ನೂ ಒಳಗೆ ಸೇರಿಸಿಕೊಂಡೇ ಬೆಳೆದರು ಅನ್ನೋದು ಅದರ ಸಾರ. ಆ ಪತ್ರವನ್ನು ಕಲ್ಲಿನಲ್ಲಿ ಕೆತ್ತಿಸಿದ್ದು ಇವತ್ತಿಗೂ ಓದಲು ಸಿಗುತ್ತದೆ. ರೋಮ್‌ನ ವೈರಿಯೇ ಹೇಳಿದ ಮಾತು ಇದು.

ಈಗ ಲಾಭದ ವಿಷಯ. ಒಡೆಯ ಸುಮ್ನೆ ಬಿಟ್ಟುಕೊಡುತ್ತಿರಲಿಲ್ಲ. ಗುಲಾಮ ಅಂಗಡಿ ನೋಡಿಕೊಂಡೋ, ಕಸುಬು ಮಾಡಿಯೋ ಒಂದಿಷ್ಟು ಗಂಟು ಕೂಡಿಡಬಹುದಿತ್ತು. ಕಾನೂನಿನಲ್ಲಿ ಅದೂ ಒಡೆಯನದೇ, ಆದರೆ ವಾಡಿಕೆಯಲ್ಲಿ ಗುಲಾಮನ ಕೈಯಲ್ಲೇ ಬಿಡುತ್ತಿದ್ದರು. ಕೆಲವು ಗುಲಾಮರ ಕೈಕೆಳಗೆ ಬೇರೆ ಗುಲಾಮರೇ ಇರುತ್ತಿದ್ದರು. ಆ ಗಂಟಿನಿಂದ ತನ್ನ ಬೆಲೆ ತಾನೇ ಕಟ್ಟಿ ಅವನು ಬಿಡುಗಡೆ ಪಡೆಯುತ್ತಿದ್ದ. ಅಂದರೆ ವರ್ಷಗಟ್ಟಲೆ ದುಡಿಸಿಕೊಂಡ ಮೇಲೂ ಒಡೆಯನಿಗೆ ಹಾಕಿದ ದುಡ್ಡು ವಾಪಸ್ ಬರುತ್ತಿತ್ತು, ಆ ದುಡ್ಡಿನಲ್ಲಿ ಅವನು ಇನ್ನೊಬ್ಬ ಹರೆಯದ ಗುಲಾಮನನ್ನು ತರಬಹುದಿತ್ತು. ಸರ್ಕಾರಕ್ಕೂ ಪಾಲು ಇತ್ತು: ಬಿಡುಗಡೆಯಾದವನ ಬೆಲೆಯ ಮೇಲೆ 5 ಶೇಕಡಾ ತೆರಿಗೆ. ಮುಖ್ಯವಾಗಿ, ಮುಂದೊಂದು ದಿನ ಬಿಡುಗಡೆ ಸಿಗಬಹುದು ಅನ್ನೋ ಆಸೆ ಇದ್ದವನು ಓಡಿಹೋಗುವುದಿಲ್ಲ, ಕದಿಯುವುದಿಲ್ಲ, ಹೇಳಿದ್ದಕ್ಕಿಂತ ಜಾಸ್ತಿ ದುಡಿಯುತ್ತಾನೆ. ಚಾಟಿಗಿಂತ ಆ ಆಸೆಯೇ ಹೆಚ್ಚು ಕೆಲಸ ತೆಗೆಯುತ್ತಿತ್ತು ಅಂತ ನನಗನ್ನಿಸುತ್ತದೆ.

ಬಿಡುಗಡೆ ಆದ ಮೇಲೂ ನಂಟು ಕಡಿಯುತ್ತಿರಲಿಲ್ಲ, ಇದನ್ನು ಜನ ಮರೆಯುತ್ತಾರೆ. ಹಳೆ ಒಡೆಯ ಈಗ ಅವನ ಪೋಷಕ. ವರ್ಷಕ್ಕೆ ಇಂತಿಷ್ಟು ದಿನ ಅವನಿಗಾಗಿ ಕೆಲಸ ಮಾಡುತ್ತೇನೆ ಅಂತ ಎಷ್ಟೋ ಜನ ಪ್ರಮಾಣ ಮಾಡಬೇಕಿತ್ತು. ನ್ಯಾಯಾಧಿಕಾರಿಯ ಅಪ್ಪಣೆ ಇಲ್ಲದೆ ಪೋಷಕನನ್ನು ಕೋರ್ಟಿಗೆ ಎಳೆಯುವಂತಿರಲಿಲ್ಲ. ಸತ್ತರೆ ಆಸ್ತಿಯಲ್ಲಿ ಪೋಷಕನಿಗೂ ಹಕ್ಕು ಬರಬಹುದಿತ್ತು. ಹೆಸರು ಕೂಡ ಅವನದೇ. ಹೆಸರಾಂತ ಭಾಷಣಕಾರ, ರಾಜಕಾರಣಿ ಸಿಸೆರೊನ ಕಾರ್ಯದರ್ಶಿ ಟೈರೊ ಕ್ರಿ.ಪೂ. 53ರಲ್ಲಿ ಬಿಡುಗಡೆಯಾದ ಮೇಲೆ ಒಡೆಯನ ಹೆಸರು ಹೊತ್ತು ಮಾರ್ಕಸ್ ಟುಲಿಯಸ್ ಟೈರೊ ಆದ.

ಗೋಡೆಬರಹ:
ಹಳೆಕಲ್ಲು ಅವರು ಒಡೆಯನ ಕಡೆಯಿಂದ ಹೇಳಿದರು. ನಾನು ಬಿಡುಗಡೆಯಾದವರ ಕಡೆಯಿಂದ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ರೋಮ್‌ನ ಸಮಾಧಿಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಇವರದ್ದೇ.

ಸ್ವತಂತ್ರವಾಗಿ ಹುಟ್ಟಿದವನ ಸಮಾಧಿ ಕಲ್ಲಿನಲ್ಲಿ ಇಂಥವನ ಮಗ ಅಂತ ಇರುತ್ತದೆ. ಗುಲಾಮನಿಗೆ ಕಾನೂನಿನ ಲೆಕ್ಕದಲ್ಲಿ ಅಪ್ಪನೇ ಇಲ್ಲ. ಹಾಗಾಗಿ ಬಿಡುಗಡೆಯಾದವನು ಆ ಜಾಗದಲ್ಲಿ ಇಂಥವನಿಂದ ಬಿಡುಗಡೆಯಾದವನು ಅಂತ ಬರೆಸುತ್ತಾನೆ. ಎಷ್ಟೋ ಜನ ಅದನ್ನು ಮುಚ್ಚಿಡದೆ ಕೆತ್ತಿಸಿದ್ದಾರೆ, ಜೊತೆಗೆ ಹೆಂಡತಿ, ಮಕ್ಕಳು, ಕಸುಬಿನ ಹೆಸರು. ಗುಲಾಮನಿಗೆ ಕಾನೂನು ಒಪ್ಪುವ ಮದುವೆ ಇರಲಿಲ್ಲ. ಹಾಗಾಗಿ ಗಂಡ ಹೆಂಡತಿ ಕೈ ಹಿಡಿದು ನಿಂತ ಆ ಕಲ್ಲಿನ ಚಿತ್ರಗಳಲ್ಲಿ, ನಮ್ಮದೂ ಈಗ ಸರಿಯಾದ ಸಂಸಾರ ಅಂತ ಹೇಳುವ ಹಟ ಕಾಣುತ್ತದೆ.

ರೋಮ್‌ನಲ್ಲಿ ಪೋರ್ಟಾ ಮಜ್ಜೋರೆ ಹೆಬ್ಬಾಗಿಲ ಪಕ್ಕ ಯೂರಿಸೇಸಿಸ್ ಅನ್ನೋ ಬೇಕರಿಯವನ ಸಮಾಧಿ ಇದೆ, ಕ್ರಿ.ಪೂ. ಮೊದಲನೇ ಶತಮಾನದ್ದು. ಗ್ರೀಕ್ ಹೆಸರು ನೋಡಿ ಅವನೂ ಬಿಡುಗಡೆಯಾದವನೇ ಇರಬೇಕು ಅಂತ ಬಹಳ ಜನ ವಿದ್ವಾಂಸರು ಹೇಳುತ್ತಾರೆ. ದೇವರು ದಿಂಡರು ಬಿಟ್ಟು ತನ್ನ ಕೆಲಸವನ್ನೇ ಕೆತ್ತಿಸಿದ್ದಾನೆ: ಗೋಧಿ ಬೀಸೋದು, ಹಿಟ್ಟು ನಾದೋದು, ಒಲೆಗೆ ಇಡೋದು, ಆಮೇಲೆ ರೊಟ್ಟಿ ತೂಕ ಹಾಕೋದು. ಎಷ್ಟು ಹೆಮ್ಮೆ ಇರಬೇಕು ಅವನಿಗೆ!

ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪಾಂಪೇ ಊರಿನಲ್ಲಿ ವೆಟ್ಟಿಯವರ ಮನೆ ಅಂತ ಇದೆ. ಕಾನ್ವಿವ, ರೆಸ್ಟಿಟ್ಯೂಟಸ್ ಅನ್ನೋ ಇಬ್ಬರದು, ಇವರೂ ಹಿಂದೆ ಗುಲಾಮರಾಗಿದ್ದವರು ಅನ್ನೋದು ಸಾಮಾನ್ಯ ಅಭಿಪ್ರಾಯ. ಆ ಊರಿನ ಅತಿ ಅಂದದ ಗೋಡೆ ಚಿತ್ರಗಳಿರುವ ಮನೆಗಳಲ್ಲಿ ಇದೂ ಒಂದು. ಬಹಳ ಕಾಲ ದುರಸ್ತಿಗೆ ಮುಚ್ಚಿದ್ದು 2023ರಲ್ಲಿ ಮತ್ತೆ ತೆರೆಯಿತು. ದುಡ್ಡು ಎಷ್ಟೇ ಇದ್ದರೂ ಇಂಥವರು ಊರಿನ ದೊಡ್ಡ ಅಧಿಕಾರಕ್ಕೆ ನಿಲ್ಲುವಂತಿರಲಿಲ್ಲ. ಅದರ ಬದಲು ಚಕ್ರವರ್ತಿಯ ಪೂಜೆ ನೋಡಿಕೊಳ್ಳುವ ಅಗಸ್ಟೇಲ್ಸ್ ಅನ್ನೋ ಗುಂಪಿಗೆ ಸೇರಿ, ಕೈಯಿಂದ ಖರ್ಚು ಮಾಡಿ ಊರಿನಲ್ಲಿ ಗೌರವ ಗಳಿಸುತ್ತಿದ್ದರು. ಕಾನ್ವಿವ ಆ ಗುಂಪಿನಲ್ಲಿದ್ದ.

ಸಮಾನವಾಗಿ ನೋಡುತ್ತಿದ್ದರಾ ಅಂದರೆ, ಇಲ್ಲ. ಕ್ಲಾಡಿಯಸ್ ಚಕ್ರವರ್ತಿಯ ಲೆಕ್ಕಪತ್ರ ನೋಡುತ್ತಿದ್ದ ಪಾಲಸ್ ಹಿಂದೆ ಗುಲಾಮ. ಕ್ರಿ.ಶ. 52ರಲ್ಲಿ ಸೆನೆಟ್ (ರೋಮ್‌ನ ಗಣ್ಯರ ಸಭೆ) ಅವನಿಗೆ ದೊಡ್ಡ ಗೌರವವನ್ನೂ ಒಂದೂವರೆ ಕೋಟಿ ಸೆಸ್ಟರ್ಸ್ (ರೋಮ್‌ನ ನಾಣ್ಯ) ಹಣವನ್ನೂ ಕೊಡಲು ಹೊರಟಿತು. ಅವನು ಗೌರವ ಇಟ್ಟುಕೊಂಡು ಹಣ ಬೇಡ ಅಂದ. ಸುಮಾರು ಐವತ್ತು ವರ್ಷ ಆದ ಮೇಲೆ ಸೆನೆಟರ್ ಕಿರಿಯ ಪ್ಲಿನಿ, ಪಾಲಸ್‌ನ ಸಮಾಧಿಯ ಮೇಲೆ ಇದನ್ನೆಲ್ಲ ಕೆತ್ತಿಸಿದ್ದ ಬರಹ ಓದಿ ಕೆಂಡವಾಗಿ ಪತ್ರ ಬರೆದಿದ್ದಾನೆ. ಪಾಲಸ್ ಸತ್ತು ಎಷ್ಟೋ ಕಾಲವಾಗಿತ್ತು, ಆದರೂ ಆ ಸಿಟ್ಟು ಇಳಿದಿರಲಿಲ್ಲ.

ನೇರಮಾತು:
ಮೇಲಿನ ಎರಡೂ ಉತ್ತರ ಚೆನ್ನಾಗಿವೆ. ಆದರೆ ಓದಿದವರು ರೋಮ್‌ನ ಗುಲಾಮಗಿರಿ ಒಂದು ಥರ ಏಣಿ, ಹತ್ತಿದವರೆಲ್ಲ ಮೇಲೆ ಬಂದರು ಅಂದುಕೊಳ್ಳುವ ಅಪಾಯ ಇದೆ. ನಮಗೆ ಸಿಗುವ ಸಮಾಧಿಗಳು ಕಲ್ಲು ಕೆತ್ತಿಸುವಷ್ಟು ದುಡ್ಡು ಇದ್ದವರದು. ಸ್ಪೇನ್‌ನ ಬೆಳ್ಳಿ ಗಣಿಗಳಲ್ಲಿ ಸತ್ತವನಿಗೆ ಸಮಾಧಿ ಕಲ್ಲು ಯಾರು ಹಾಕಿಸುತ್ತಾರೆ? ಅಲ್ಲಿ ಹಗಲು ರಾತ್ರಿ ನೆಲದೊಳಗೆ ದುಡಿದು, ಬದುಕಿಗಿಂತ ಸಾವೇ ಮೇಲು ಅನ್ನೋ ಸ್ಥಿತಿಯಲ್ಲಿದ್ದರು ಅಂತ ಗ್ರೀಕ್ ಇತಿಹಾಸಕಾರ ಡಿಯೊಡೋರಸ್ ಬರೆದಿದ್ದಾನೆ. ಹೊಲಗದ್ದೆಯ ಗುಲಾಮರ ಕಥೆಯೂ ಅಷ್ಟೇ. ರೋಮ್‌ನ ರಾಜಕಾರಣಿ ಹಿರಿಯ ಕೇಟೊ ತನ್ನ ಬೇಸಾಯದ ಪುಸ್ತಕದಲ್ಲಿ ಮುದಿ ಎತ್ತು, ಹಳೆ ಗಾಡಿ ಮಾರುವ ಪಟ್ಟಿಯಲ್ಲೇ ವಯಸ್ಸಾದ ಗುಲಾಮ, ಕಾಯಿಲೆಯ ಗುಲಾಮ ಅಂತಲೂ ಸೇರಿಸಿದ್ದಾನೆ. ಬಿಡುಗಡೆ ಸಿಗುತ್ತಿದ್ದದ್ದು ಹೆಚ್ಚಾಗಿ ಒಡೆಯನ ಕಣ್ಣೆದುರು ಇದ್ದವರಿಗೆ: ಲೆಕ್ಕ ಬರೆಯುವವ, ಅಡುಗೆಯವ, ದಾದಿ, ಮಕ್ಕಳಿಗೆ ಪಾಠ ಹೇಳುವವ.

ಮನೆಯೊಳಗಿದ್ದವರಿಗೂ ನೆಮ್ಮದಿ ಇರಲಿಲ್ಲ. ಕ್ರಿ.ಶ. 61ರಲ್ಲಿ ರೋಮ್ ನಗರದ ಪ್ರಿಫೆಕ್ಟ್ (ನಗರಾಡಳಿತದ ಮುಖ್ಯ ಅಧಿಕಾರಿ) ಪೆಡಾನಿಯಸ್ ಸೆಕುಂಡಸ್‌ನನ್ನು ಅವನ ಗುಲಾಮನೊಬ್ಬ ಕೊಂದ. ಒಡೆಯನನ್ನು ಗುಲಾಮ ಕೊಂದರೆ ಒಂದೇ ಸೂರಿನಡಿ ಇದ್ದ ಗುಲಾಮರೆಲ್ಲರನ್ನೂ ಕೊಲ್ಲಬೇಕು ಅನ್ನೋದು ಹಳೆ ಪದ್ಧತಿ. ಆ ಮನೆಯಲ್ಲಿ 400 ಜನ ಇದ್ದರು, ಹೆಂಗಸರು, ಮಕ್ಕಳು ಸೇರಿ. ಊರಿನ ಸಾಮಾನ್ಯ ಜನ ಕಲ್ಲು, ಪಂಜು ಹಿಡಿದು ಬೀದಿಗಿಳಿದು ಬೇಡ ಅಂದರು. ಸೆನೆಟ್ ಕೇಳಲಿಲ್ಲ. ನೀರೋ ಚಕ್ರವರ್ತಿ ದಾರಿಯುದ್ದಕ್ಕೂ ಸೈನಿಕರನ್ನು ನಿಲ್ಲಿಸಿ ಅಷ್ಟೂ ಜನರನ್ನು ಕೊಲ್ಲಿಸಿದ. ಬೀದಿಗಿಳಿದವರಲ್ಲಿ ತಾವೇ ಗುಲಾಮರಾಗಿದ್ದವರು, ಗುಲಾಮರ ಮಕ್ಕಳಾಗಿದ್ದವರು ಎಷ್ಟು ಜನ ಇದ್ದಿರಬೇಕು ಯೋಚನೆ ಮಾಡಿ.

ಬಿಡುಗಡೆಗೂ ಕಾನೂನು ಬೇಲಿ ಹಾಕಿತ್ತು. ಕ್ರಿ.ಪೂ. 2ರ ಕಾನೂನಿನಂತೆ ಎಷ್ಟೇ ಗುಲಾಮರಿದ್ದರೂ ಉಯಿಲಿನ ಮೂಲಕ 100ಕ್ಕಿಂತ ಜಾಸ್ತಿ ಜನರನ್ನು ಬಿಡುವಂತಿಲ್ಲ. ಕ್ರಿ.ಶ. 4ರ ಕಾನೂನಿನಂತೆ, ಸರಿಯಾದ ಕಾರಣ ತೋರಿಸದಿದ್ದರೆ, 30 ವರ್ಷ ತುಂಬದ ಗುಲಾಮನಿಗೆ ಪೂರ್ತಿ ನಾಗರಿಕತ್ವ ಇಲ್ಲ. ಎರಡೂ ಮೊದಲ ಚಕ್ರವರ್ತಿ ಅಗಸ್ಟಸ್‌ನ ಕಾಲದವು. ಆ ಕಾಲದಲ್ಲಿ 30 ವರ್ಷ ದಾಟುವುದೇ ಎಷ್ಟೋ ಜನರಿಗೆ ಆಗುತ್ತಿರಲಿಲ್ಲ. ಆಸೆ ಎಲ್ಲರಿಗೂ ತೋರಿಸಿದರು, ಕೊಟ್ಟಿದ್ದು ಕೆಲವರಿಗೆ.

ಕೊಡಚಾದ್ರಿ_ಓದು:
ಮೂವರಿಗೂ ಧನ್ಯವಾದ. 400 ಜನರ ವಿಷಯ ಓದಿ ಬಹಳ ಹೊತ್ತು ಬೇರೇನೂ ಓದಲಾಗಲಿಲ್ಲ. ಇನ್ನೊಂದು ಕೇಳಬೇಕು. ಇದೆಲ್ಲ ಗಂಡಸರ ಕಥೆಯಾಯಿತು. ಹೆಂಗಸರಿಗೆ ಬಿಡುಗಡೆ ಹೇಗೆ ಸಿಗುತ್ತಿತ್ತು? ಮಕ್ಕಳು ಯಾರ ಲೆಕ್ಕಕ್ಕೆ?

ಸೀಗೆಬಾಗಿ:
ಈ ಪ್ರಶ್ನೆಯನ್ನೇ ಕಾಯುತ್ತಿದ್ದೆ. ಮಗುವಿನ ಸ್ಥಿತಿ ನಿಲ್ಲುವುದು ತಾಯಿಯ ಮೇಲೆ. ತಾಯಿ ಗುಲಾಮಳಾಗಿದ್ದಾಗ ಹುಟ್ಟಿದರೆ ಮಗು ಗುಲಾಮ, ಒಡೆಯನ ಸ್ವತ್ತು, ಅಪ್ಪ ಒಡೆಯನೇ ಆಗಿದ್ದರೂ ಅಷ್ಟೇ. ಅದೇ ತಾಯಿ ಬಿಡುಗಡೆಯಾದ ಮೇಲೆ ಹುಟ್ಟಿದ ಮಗು ಸ್ವತಂತ್ರ. ಹಾಗಾಗಿ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ಗುಲಾಮ, ತಂಗಿ ಸ್ವತಂತ್ರಳು ಆಗುವುದು ಸಾಧ್ಯವಿತ್ತು. ಹೆಂಡತಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದು ಆ ಸಂಸಾರಗಳಿಗೆ ವರ್ಷಗಳ ಕೆಲಸ.

ಇನ್ನು ಹೆಂಗಸಿಗೆ ಬಿಡುಗಡೆಯ ದಾರಿ ಅಂದರೆ ಅನೇಕ ಸಲ ಅವಳ ಮೈಯೇ. ಬೇಸಾಯದ ಬಗ್ಗೆ ಬರೆದ ಕಾಲುಮೆಲ್ಲ ಹೇಳುತ್ತಾನೆ: ಮೂರು ಗಂಡು ಮಕ್ಕಳನ್ನು ಹೆತ್ತವಳಿಗೆ ಕೆಲಸದಿಂದ ವಿನಾಯಿತಿ ಕೊಟ್ಟೆ, ಇನ್ನೂ ಹೆತ್ತವಳಿಗೆ ಬಿಡುಗಡೆ ಕೊಟ್ಟೆ ಅಂತ. ಅವಳು ಹೊರಗೆ ಹೋಗಬಹುದು, ಮಕ್ಕಳು ಒಡೆಯನ ಹತ್ತಿರವೇ. ಇದನ್ನು ಅವನು ತನ್ನ ಉದಾರತನ ಅಂತ ಬರೆದುಕೊಂಡಿದ್ದಾನೆ, ನನಗೆ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಇನ್ನೊಂದು ದಾರಿ ಒಡೆಯನೇ ಮದುವೆಯಾಗುವುದು. ಮದುವೆಗಾಗಿ ಬಿಡುಗಡೆ ಮಾಡಿದರೆ 30 ವರ್ಷದ ನಿಯಮ ಅಡ್ಡ ಬರುತ್ತಿರಲಿಲ್ಲ. ಆದರೆ ಹಾಗೆ ಮದುವೆಯಾದವಳಿಗೆ ಅವನ ಒಪ್ಪಿಗೆಯಿಲ್ಲದೆ ಅವನನ್ನು ಬಿಟ್ಟು ಇನ್ನೊಬ್ಬನನ್ನು ಮದುವೆಯಾಗುವ ಹಕ್ಕು ಇರಲಿಲ್ಲ.

ಇಂಗ್ಲೆಂಡಿನ ಸೌತ್ ಶೀಲ್ಡ್ಸ್‌ನಲ್ಲಿ ರೆಜಿನಾ ಅನ್ನೋಳ ಸಮಾಧಿ ಕಲ್ಲು ಸಿಕ್ಕಿದೆ, ಕ್ರಿ.ಶ. 2ನೇ ಶತಮಾನದ್ದು. ಬ್ರಿಟನ್ನಿನ ಕಾಟುವೆಲ್ಲೌನಿ ಬುಡಕಟ್ಟಿನವಳು. ಅವಳನ್ನು ಬಿಡುಗಡೆ ಮಾಡಿ ಮದುವೆಯಾದವನು ಸಿರಿಯಾದ ಪಾಲ್ಮೈರಾದ ಬರಾಟಿಸ್. ಅವಳು 30 ವರ್ಷಕ್ಕೆ ತೀರಿಕೊಂಡಳು. ಲ್ಯಾಟಿನ್ ಬರಹದ ಕೆಳಗೆ ಅವನು ತನ್ನ ಊರಿನ ಭಾಷೆಯಲ್ಲಿ ಒಂದು ಸಾಲು ಕೆತ್ತಿಸಿದ್ದಾನೆ: ಬರಾಟಿಸ್‌ನಿಂದ ಬಿಡುಗಡೆಯಾದ ರೆಜಿನಾ, ಅಯ್ಯೋ. ಅವನ ದುಃಖ ನಿಜ ಅಂತ ನಾನು ನಂಬುತ್ತೇನೆ. ಅವಳಿಗೆ ಆ ಮದುವೆ ಬೇಕಿತ್ತಾ ಅಂತ ಮಾತ್ರ ಕಲ್ಲು ಹೇಳುವುದಿಲ್ಲ.

ಹಳೆಕಲ್ಲು:
ನೇರಮಾತು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಮಕ್ಕಳ ಬಗ್ಗೆ ಒಂದು ಸೇರಿಸುತ್ತೇನೆ. ಬಿಡುಗಡೆಯಾದವನಿಗೆ ಮುಚ್ಚಿದ್ದ ಬಾಗಿಲು, ಆಮೇಲೆ ಹುಟ್ಟಿದ ಅವನ ಮಗನಿಗೆ ಕಾನೂನಿನಲ್ಲಿ ತೆರೆದಿತ್ತು. ಕವಿ ಹೊರೇಸ್‌ನ ಅಪ್ಪ ಬಿಡುಗಡೆಯಾದ ಗುಲಾಮ. ಊರಿನ ಶಾಲೆ ಸಾಲದು ಅಂತ ಮಗನನ್ನು ರೋಮ್‌ಗೆ ಕರೆತಂದು, ಸೆನೆಟರುಗಳ ಮಕ್ಕಳು ಕಲಿಯುವುದನ್ನೇ ಕಲಿಸಿದ, ತಾನೇ ಜೊತೆಗಿದ್ದು ಗುರುಗಳ ಹತ್ತಿರ ಕರೆದೊಯ್ಯುತ್ತಿದ್ದ. ಗುಲಾಮನಾಗಿದ್ದವನ ಮಗ ಅಂತ ಜನ ಚುಚ್ಚುತ್ತಿದ್ದರು ಅಂತ ಹೊರೇಸ್‌ನೇ ಬರೆದಿದ್ದಾನೆ, ಆದರೂ ಇನ್ನೊಬ್ಬ ಅಪ್ಪ ನನಗೆ ಬೇಡ ಅಂದಿದ್ದಾನೆ. ಕ್ರಿ.ಶ. 193ರಲ್ಲಿ ಮೂರು ತಿಂಗಳಿಗೂ ಕಡಿಮೆ ಕಾಲ ಆಳಿದ ಪರ್ಟಿನಾಕ್ಸ್ ಚಕ್ರವರ್ತಿಯ ಅಪ್ಪನೂ ಬಿಡುಗಡೆಯಾದ ಗುಲಾಮನೇ.