ಎಲೆಕ್ಟ್ರಿಕ್ ಕಾರನ್ನು ಫುಲ್ ಚಾರ್ಜ್ ಮಾಡಿ ಘಾಟಿ ಇಳಿಯೋದು ತಪ್ಪಾ?

ತಿರುವು_14: ತೀರ್ಥಹಳ್ಳಿಯಲ್ಲಿ 100% ತುಂಬಿಸಿ ಆಗುಂಬೆ ಇಳಿಯಬೇಡಿ. ಆಕ್ಸಿಲರೇಟರ್ ಬಿಟ್ಟಾಗ ಚಕ್ರವೇ ಮೋಟಾರನ್ನು ತಿರುಗಿಸುತ್ತೆ, ಹುಟ್ಟಿದ ಕರೆಂಟನ್ನು ಇನ್ವರ್ಟರ್ ಡಿಸಿ ಮಾಡಿ ಬ್ಯಾಟರಿಗೆ ಕಳಿಸುತ್ತೆ. ತುಂಬಿದ ಬ್ಯಾಟರಿಗೆ ಹಿಡಿಸಲ್ಲ. ಬ್ಯಾಟರಿ ಕಾಯೋ ಬಿಎಂಎಸ್ ಈ ರೀಜೆನ್ (ಮೋಟಾರಿನಿಂದಲೇ ಬ್ರೇಕ್) ಕಟ್ ಮಾಡುತ್ತೆ, ಬ್ರೇಕ್ ಒತ್ತದೆ ಕಾರು ಹಿಡಿಯೋದೇ ಇಲ್ಲ. ಚಾರ್ಜ್ 85%ಕ್ಕೆ ನಿಲ್ಲಿಸಿ.

ಲೆಕ್ಕದ_ಮೇಷ್ಟ್ರು: "ತೀರ್ಥಹಳ್ಳಿಯಲ್ಲಿ"? ಅಲ್ಲಿಂದ ಆಗುಂಬೆ 30 ಕಿ.ಮೀ. ಮೇಲಿದೆ. ಹೋಗೋಷ್ಟರಲ್ಲೇ 4 ಯೂನಿಟ್ ಖರ್ಚು, 40 ಯೂನಿಟ್ ಪ್ಯಾಕಿನಲ್ಲಿ 10%. ಜಾಗ ತಾನಾಗೇ ಆಯ್ತಲ್ಲ ಸ್ವಾಮಿ.

ತಿರುವು_14: ಮಡಿಕೇರಿಯಲ್ಲಿ ತುಂಬಿಸಿ ಸಂಪಾಜೆ ಕಡೆ ಇಳಿಯೋರಿಗೆ ಏನಂತೀರಿ?

ಲೆಕ್ಕದ_ಮೇಷ್ಟ್ರು: ಸುಮಾರು 1000 ಮೀಟರ್ ಇಳಿತ. 1500 ಕೆಜಿ ಕಾರಿಗೆ 4 ಯೂನಿಟ್. ಟೈರು, ಗಾಳಿ, ಮೋಟಾರಿನ ಬಿಸಿ ಕಳೆದು 2 ವಾಪಸ್ ಬಂದ್ರೆ ಪುಣ್ಯ. 5% ಖಾಲಿ ಸಾಕು. 85 ಅಂತೆ!

ಕುಡ್ಲ_ಇವಿ: "5% ಸಾಕು" ಅಂತ ಹೇಳ್ಬೇಡಿ ಮಾರಾಯ್ರೆ. ಜಾಗ ಬೇರೆ, ಪವರ್ ಬೇರೆ. 8% ಇಳಿಜಾರಲ್ಲಿ 40ರ ವೇಗಕ್ಕೆ ಹಿಡಿದಿಡಲು 10 ಕಿಲೋವ್ಯಾಟ್ ಮೇಲೆ ಬೇಕು. 95% ದಾಟಿದ ಸೆಲ್ ವೋಲ್ಟೇಜ್ ಮಿತಿಯ ಹತ್ತಿರ ಇರ್ತದೆ, ಬಿಎಂಎಸ್ ಅಷ್ಟು ಒಳಗೆ ಬಿಡ್ಲಿಕ್ಕಿಲ್ಲ. ಮಳೆಯಲ್ಲಿ ಚಕ್ರ ಜಾರಿದ್ರೆ ಚಕ್ರ ಲಾಕ್ ಆಗದ ಹಾಗೆ ನೋಡುವ ಎಬಿಎಸ್ ಬೇರೆ ರೀಜೆನ್ ತೆಗೀತದೆ.

ಹಿಂದಿನ_ಸೀಟು: "ಹಿಡಿದಿಡಲು" ಸರಿ, ಬ್ರೇಕ್ ಲೈಟ್ ಹತ್ತುತ್ತಾ? ಪೆಡಲ್ ಮುಟ್ಟದೆ ನಿಧಾನ ಮಾಡಿದ್ರೆ ಹಿಂದಿನ ಲಾರಿಯವನಿಗೆ ಕನಸು ಬೀಳುತ್ತಾ?

ಕುಡ್ಲ_ಇವಿ: ಕಾರಿನ ಬ್ರೇಕ್ ಬಗ್ಗೆ ವಿಶ್ವಸಂಸ್ಥೆಯ 13-ಎಚ್ ನಿಯಮ ನೋಡಿ. ವೇಗ ಸೆಕೆಂಡಿಗೆ 1.3 ಮೀ/ಸೆ.ಗಿಂತ ಹೆಚ್ಚು ಇಳಿದ್ರೆ ಲೈಟ್ ಹತ್ತಲೇಬೇಕು.

ಹಿಂದಿನ_ಸೀಟು: ಅರ್ಧ ಓದಿದ್ದೀರಿ. 0.7ರ ಒಳಗೆ ಹತ್ತಲೇಬಾರದು ಅಂತಲೂ ಇದೆ. ನಡುವಿನದ್ದು?

ಕುಡ್ಲ_ಇವಿ: ಕಂಪನಿಯ ಇಷ್ಟ.

ಹಿಂದಿನ_ಸೀಟು: "ಇಷ್ಟ"! ಗುದ್ದಿಸ್ಕೊಳ್ಳೋದು ನಾವು, ಇಷ್ಟ ಅವರದ್ದು.

ಲೆಕ್ಕದ_ಮೇಷ್ಟ್ರು: ಇಳಿಜಾರಲ್ಲಿ 40ರಲ್ಲೇ ಇದ್ರೆ ನಿಧಾನ ಎಲ್ಲಾಯ್ತು? ಲೈಟ್ ಯಾಕೆ?

ಹಿಂದಿನ_ಸೀಟು: ತಿರುವಿಗೆ 20ಕ್ಕೆ ಇಳಿಸ್ತೀರಲ್ಲ, ಅದನ್ನ ಹೇಳಿ. ಲೆಕ್ಕ ಸಾಕು.

ಕುಡ್ಲ_ಇವಿ: ಅಲ್ಲಿ ಪೆಡಲ್ ಮೆಲ್ಲ ಮುಟ್ಟಿ, ಲೈಟ್ ಖಂಡಿತ ಹತ್ತುತ್ತದೆ. ಬ್ಲೆಂಡಿಂಗ್ (ಎರಡೂ ಬ್ರೇಕ್ ಬೆರೆಸುವುದು) ಇರುವ ಕಾರಲ್ಲಿ ಮೊದಲು ಮೋಟಾರ್, ಸಾಲದಿದ್ರೆ ಬ್ರೇಕ್ ಪ್ಯಾಡ್.

ಹಿಂದಿನ_ಸೀಟು: ಹಾಗಾದ್ರೆ ಆಕ್ಸಿಲರೇಟರ್ ಒಂದೇ ಸಾಕು, ಒಂದೇ ಪೆಡಲಲ್ಲಿ ಓಡಿಸ್ತೀವಿ ಅನ್ನೋ ಬಡಾಯಿ ಯಾಕೆ ಕೊಚ್ತೀರಿ?

ಕುಡ್ಲ_ಇವಿ: ಬಡಾಯಿ ಕೊಚ್ಚಿದ್ದು ಯಾರು? ನನ್ನ ಕಾಮೆಂಟಲ್ಲಿ ತೋರಿಸಿ!

ತಿರುವು_14: ನನ್ನ ಪ್ರಶ್ನೆ ಎಲ್ಲಿ ಹೋಯ್ತು? ರೀಜೆನ್ ಇಲ್ಲ ಅಂದ್ರೆ ಇಡೀ ಭಾರ ಪ್ಯಾಡಿಗೆ, ಬಿಸಿಯಾಗಿ ಹಿಡಿತ ಸಡಿಲ. ಕರೆಂಟ್ ಉಳಿಸ್ತೀನಿ ಅಂತ ನ್ಯೂಟ್ರಲ್‌ಗೆ ಹಾಕೋರಿಗೂ ಅದೇ ಗತಿ. ಅದಕ್ಕೇ 85 ಅಂದಿದ್ದು.

ಲೆಕ್ಕದ_ಮೇಷ್ಟ್ರು: 90 ಅಂದಿದ್ರೆ ಸುಮ್ಮನಿರ್ತಿದ್ದೆ.