ಮೊಸರು-ಹಣ್ಣಿನ ಐಸ್ ಕಡ್ಡಿ ಕಲ್ಲಾಗ್ತಿದೆ, ಏನು ಮಾಡಲಿ?

ಬೇಸಿಗೆ ರಜೆ ಶುರುವಾದಾಗಿನಿಂದ ಮಕ್ಕಳು ದಿನಕ್ಕೆ ಹತ್ತು ಸಲ ಫ್ರಿಜ್ ಬಾಗಿಲು ತೆಗೆಯುತ್ತಾರೆ. ಐಸ್‌ಕ್ರೀಮ್ ಬದಲು ಮನೆಯಲ್ಲೇ ಏನಾದರೂ ಮಾಡೋಣ ಅಂತ ಹೊರಟೆ. 2 ಕಪ್ ಮೊಸರು, 1 ಮಾಗಿದ ಬಾಳೆಹಣ್ಣು, 1 ಚಮಚ ಜೇನುತುಪ್ಪ ಮಿಕ್ಸಿಗೆ ಹಾಕಿ, ಅಚ್ಚಿಗೆ ಸುರಿದು ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಕಲ್ಲು! ಕಚ್ಚಿದರೆ ಬಾಯಿ ತುಂಬ ಕರಕರ ಹರಳು. ಚಿಕ್ಕವಳು ಒಂದೇ ಸಲ ನೆಕ್ಕಿ, "ಅಮ್ಮಾ, ಇದು ಹುಳಿ ಐಸು" ಅಂತ ಬಟ್ಟಲಲ್ಲಿ ವಾಪಸ್ ಇಟ್ಟಳು.

ಮೊಸರಲ್ಲಿ ನೀರು ಜಾಸ್ತಿ ಇದ್ದರೆ ಹೀಗಾಗುತ್ತೆ, ಬಟ್ಟೆಯಲ್ಲಿ ಕಟ್ಟಿ ಇಳಿಸು ಅಂದಳು ಅಕ್ಕ. ಸರಿ, ಆದರೆ ಎಷ್ಟು ಹೊತ್ತು? ಸಿಹಿ ಕಡಿಮೆಯಾದರೂ ಗಟ್ಟಿಯಾಗುತ್ತೆ, ಸಕ್ಕರೆ ಇದ್ದರೆ ನೀರು ಬೇಗ ಹೆಪ್ಪುಗಟ್ಟಲ್ಲ ಅಲ್ವಾ. ಹಾಗಂತ ಸಕ್ಕರೆ ಸುರಿಯೋಕೆ ಮನಸ್ಸಿಲ್ಲ. ಬಾಳೆಹಣ್ಣನ್ನೇ ಎರಡು ಮೂರು ಹಾಕಿದರೆ ಸಾಕಾ?

ದ್ರಾಕ್ಷಿ ಮಾತ್ರ ಚೆನ್ನಾಗಿ ಬಂತು. ತೊಳೆದು, ಒದ್ದೆ ಇಲ್ಲದಂತೆ ಒರೆಸಿ, ಉದ್ದಕ್ಕೆ ಸೀಳಿ (ಇಡೀ ದ್ರಾಕ್ಷಿ ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು), ಮೊಸರಲ್ಲಿ ಅದ್ದಿ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟಿದ್ದೆ. ಎರಡು ಗಂಟೆಯಲ್ಲಿ ತಟ್ಟೆ ಖಾಲಿ.

ಇನ್ನೊಂದು, ಅಚ್ಚಿನಿಂದ ತೆಗೆಯುವಾಗ ಬರೀ ಕಡ್ಡಿ ಕೈಗೆ ಬರುತ್ತೆ, ಐಸು ಒಳಗೇ ಉಳಿಯುತ್ತೆ. ಅದಕ್ಕೇನು ಉಪಾಯ?